ಮೂರು ರಾತ್ರಿ, ನಾಲ್ಕು ಹಗಲು

ನಮ್ಮ ಸರ್ಕಾರ ಬಹಳ ಕರುಣಾಳು. ಪಣಜಿಯ ಹೊಳೆಯಲ್ಲಿ ಜೂಜಿನ ಹಡಗುಗಳನ್ನು ನಿಲ್ಲಿಸಿಕೊಳ್ಳಲು ಅದು ಪರವಾನಗಿ ಕೊಟ್ಟಿದೆ. ಪರವಾನಗಿಗೆ ಶುಲ್ಕ ಪಡೆಯುತ್ತದೆ, ಗೆದ್ದವನ ಗೆಲುವಿನಲ್ಲಿ ತೆರಿಗೆ ಹಿಡಿಯುತ್ತದೆ. ಹಾಗೆಂದು ಜೂಜು ಕೆಟ್ಟದ್ದು ಎಂಬುದು ಅದಕ್ಕೆ ಗೊತ್ತಿಲ್ಲದೆ ಇಲ್ಲ. ಆದ್ದರಿಂದ ಸ್ವಂತ ಮಕ್ಕಳು ಕೆಡಬಾರದೆಂದು ಒಂದು ನಿಯಮ ಮಾಡಿದೆ: ಗೋವೆಯ ನಿವಾಸಿಗಳು ಆ ಹಡಗು ಹತ್ತಬಾರದು, ಪ್ರವಾಸಿಗಳು ಮಾತ್ರ ಹತ್ತಬಹುದು. ದಿಲ್ಲಿಯವನು, ಸೂರತ್ತಿನವನು, ಬೆಳಗಾವಿಯವನು ಎಷ್ಟು ಬೇಕಾದರೂ ಕೆಡಲಿ, ಅದಕ್ಕೆ ನಮ್ಮ ಅಡ್ಡಿಯಿಲ್ಲ.

ನಾನು ಶಾಂಬಾ ಲೋಟ್ಲೀಕರ್. ತಾಲೂಕಿನ ಮಾಮಲೇದಾರ ಕಚೇರಿಯ ಎದುರಿನ ಮರದ ಕೆಳಗೆ ಮೂವತ್ತೊಂದು ವರ್ಷದಿಂದ ಟೈಪು ಯಂತ್ರ ಇಟ್ಟುಕೊಂಡು ಕೂತಿದ್ದೇನೆ. ಅರ್ಜಿ, ತಕರಾರು, ಅಫಿಡವಿಟ್ಟು, ಸತ್ತವರ ವಾರಸುದಾರರ ಪಟ್ಟಿ, ಏನು ಬೇಕಾದರೂ ತಪ್ಪಿಲ್ಲದೆ ಟೈಪು ಮಾಡಿಕೊಡುತ್ತೇನೆ. ನನಗೆ ಕೆಲಸ ಕಲಿಸಿದ ಮಾಸ್ತರರು ಒಂದೇ ಸೂತ್ರ ಹೇಳಿಕೊಟ್ಟಿದ್ದರು: ಬೆರಳು ಅಕ್ಷರ ನೋಡಲಿ, ತಲೆ ಅರ್ಥ ನೋಡುವುದು ಬೇಡ, ಅರ್ಥ ನೋಡಲು ಹೋದವನ ಟೈಪು ತಪ್ಪುತ್ತದೆ. ಆ ಸೂತ್ರವನ್ನು ಮೊನ್ನೆಮೊನ್ನೆಯವರೆಗೂ ನಾನು ಒಂದು ದಿನವೂ ಮುರಿದವನಲ್ಲ. ಬಸ್ತ್ಯಾಂವನ ಗತಿ ಹೀಗಾದದ್ದರಲ್ಲಿ ಅದಕ್ಕೂ ಒಂದು ಪಾಲಿದೆ, ಮೊದಲೇ ಹೇಳಿಬಿಡುತ್ತೇನೆ.

ಬಸ್ತ್ಯಾಂವ್ ನಮ್ಮ ಬಾಂದ್ವಾಡೆ ಊರಿನವನು. ಇಪ್ಪತ್ತಾರು ವರ್ಷ ಹಡಗುಗಳ ಅಡುಗೆಮನೆಯಲ್ಲಿ ದುಡಿದು ಬಂದವನು. ತಾನು ದೊಡ್ಡ ಕುಕ್ಕು ಎಂದು ಹೇಳಿಕೊಳ್ಳುತ್ತಿದ್ದ. ಅವನ ಹೆಂಡತಿ ಪೆರಾಂಸಳ ಪ್ರಕಾರ ಅವನು ಇಪ್ಪತ್ತಾರು ವರ್ಷವೂ ಬಟಾಟೆ ಸಿಪ್ಪೆ ತೆಗೆದ, ಮನೆಗೆ ಬಂದ ಮೇಲೆ ಅದನ್ನೂ ಬಿಟ್ಟ. ಮಕ್ಕಳಿರಲಿಲ್ಲ. ಇದ್ದದ್ದು ಒಂದು ಮನೆ. ಬಸ್ತ್ಯಾಂವನ ಅಜ್ಜ ಕೆಮ್ಮಣ್ಣಿನ ಕಲ್ಲು ಹೊತ್ತು ಕಟ್ಟಿದ್ದು, ಕಿಟಕಿಗೆ ಗಾಜಿನ ಬದಲು ಸಿಂಪಿಯ ಚಿಪ್ಪು ಕೂರಿಸಿದ್ದು. ಗೋಡೆ ಇವರದ್ದಾದರೂ ನೆಲ ಊರಿನ ಜಮೀನ್ದಾರ, ಭಾಟಕಾರ ಒಕ್ತಾವಿಯೊ ಬಾಬನದು. ಭಾಟಕಾರನ ನೆಲದಲ್ಲಿ ಮನೆ ಕಟ್ಟಿಕೊಂಡು ತಲೆಮಾರಿನಿಂದ ಇರುವವನಿಗೆ ನಮ್ಮಲ್ಲಿ ಮುಂಡಕಾರ ಎನ್ನುತ್ತಾರೆ. ತಾನು ಅಲ್ಲೇ ವಾಸವಾಗಿದ್ದೇನೆ ಎಂದು ತೋರಿಸಿಕೊಟ್ಟರೆ ಮುಂಡಕಾರ ಆ ನೆಲವನ್ನು ಅಗ್ಗಕ್ಕೆ ಕೊಂಡುಕೊಳ್ಳಬಹುದು, ಕಾನೂನಿದೆ. ಬಸ್ತ್ಯಾಂವನ ಅರ್ಜಿ ಮಾಮಲೇದಾರರ ಮುಂದೆ ಹನ್ನೊಂದು ವರ್ಷದಿಂದ ನಡೆಯುತ್ತಿತ್ತು. ಅದನ್ನು ಟೈಪು ಮಾಡಿದವನು ನಾನೇ. ದೀಪಾವಳಿ ಕಳೆದ ಮೇಲೆ ಕೊನೆಯ ವಿಚಾರಣೆ ಎಂದು ತಾರೀಕೂ ಬಿದ್ದಿತ್ತು. ಮನೆ ಸಿಕ್ಕಿತೆಂದೇ ಪೆರಾಂಸ್ ಹಿತ್ತಿಲಲ್ಲಿ ಹೊಸದಾಗಿ ಎರಡು ತೆಂಗಿನ ಸಸಿ ನೆಟ್ಟಿದ್ದಳು.

ಎಲ್ಲಾ ಶುರುವಾದದ್ದು ಮಿಂಗೆಲನ ಫೆಣಿ ಅಂಗಡಿಯಲ್ಲಿ. ಜೂನಿನ ಮೊದಲ ಮಳೆ. ಬಸ್ತ್ಯಾಂವ್ ಎಂದಿನಂತೆ ಸಮುದ್ರದಾಚೆಯ ದೇಶಗಳನ್ನು ಒಂದೊಂದಾಗಿ ನಮ್ಮ ಮುಂದೆ ಹರವುತ್ತಿದ್ದ.

"ಮೊಂತೆ ಕಾರ್ಲೊದಲ್ಲಿ ನಾನು ನೋಡದ ಕ್ಯಾಸಿನೊ ಇಲ್ಲ ಕಣ್ರೋ. ಬಾಗಿಲಲ್ಲಿ ನಿಂತವರು ನನಗೆ ಸಲಾಂ ಹೊಡೀತಿದ್ರು."

"ಎಲ್ಲಿಂದ ನೋಡಿದ್ದು? ಹಡಗಿನ ಅಡುಗೆಮನೆ ಕಿಟಕಿಯಿಂದಲಾ?" ಎಂದ ಮಿಂಗೆಲ್.

"ಒಳಗೆ ಹೋಗಿ ಮಾರಾಯ! ಒಳಗೆ!"

"ಹೌದೌದು. ಪಣಜಿ ಜೆಟ್ಟಿಯಿಂದ ಕಲ್ಲು ಎಸೆದರೆ ಬೀಳೋವಷ್ಟು ಹತ್ತಿರ ನಿಂತಿದೆ, ಆ ಹಡಗಿಗೆ ಕಾಲಿಡೋ ಯೋಗ್ಯತೆ ಇಲ್ಲ ನಿನಗೆ. ಮೊಂತೆ ಕಾರ್ಲೊ ಅಂತೆ. ಆಧಾರ್ ಕಾರ್ಡು ನೋಡಿದ ತಕ್ಷಣ ಕತ್ತು ಹಿಡಿದು ದಬ್ಬುತ್ತಾರೆ."

ಬಸ್ತ್ಯಾಂವ್ ಗ್ಲಾಸು ಕೆಳಗಿಟ್ಟ. ಅವನ ಮುಖದ ಮೇಲೆ ಒಂದು ಬೆಳಕು ಬಂತು. ಅಂಥ ಬೆಳಕು ಬಂದಾಗಲೆಲ್ಲ ಪೆರಾಂಸ್ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾಳೆ, ಅವಳು ಅಲ್ಲಿರಲಿಲ್ಲ.

"ನನ್ನ ಆಧಾರ್ ಕಾರ್ಡಲ್ಲಿ ಯಾವ ಊರಿದೆ ಗೊತ್ತಾ ನಿಂಗೆ?" ಎಂದ.

ಅದರಲ್ಲಿ ಮುಂಬಯಿ ಇತ್ತು. ಹಡಗಿನ ಕೆಲಸಕ್ಕೆ ಹೋಗುವ ನಮ್ಮವರೆಲ್ಲ ಹಡಗು ಸಿಗುವ ತನಕ ಮುಂಬಯಿಯ ಕೂಡಿನಲ್ಲಿ ಬಿದ್ದಿರುತ್ತಾರೆ. ಒಂದೊಂದು ಊರಿಗೆ ಒಂದೊಂದು ಕೂಡು. ಒಂದು ಹಳೆಯ ಕೋಣೆ, ಗೋಡೆಗೆ ದೇವರ ಪೀಠ, ಸುತ್ತ ಪೆಟ್ಟಿಗೆಗಳು, ಪೆಟ್ಟಿಗೆಗೊಬ್ಬ ಗಂಡಸು. ಹೆಂಗಸರಿಗೆ ಪ್ರವೇಶವಿಲ್ಲ. ಬಸ್ತ್ಯಾಂವನ ಕಾರ್ಡು ಅಲ್ಲಿದ್ದಾಗ ಮಾಡಿಸಿದ್ದು, ಅದರಲ್ಲಿ ಬಾಂದ್ವಾಡೆಯವರ ಕೂಡು, ಧೋಬಿತಲಾವ್, ಮುಂಬಯಿ ಎಂದಿತ್ತು. ಬದಲಿಸಲು ಹತ್ತು ಸಲ ಹೊರಟು ಹತ್ತು ಸಲವೂ ದಾರಿಯಲ್ಲಿ ಮಿಂಗೆಲನ ಅಂಗಡಿ ಸಿಕ್ಕಿತ್ತು.

ಮರುದಿನ ಮಧ್ಯಾಹ್ನ ನಾನೂ ಬಸ್ತ್ಯಾಂವನೂ ಪಣಜಿಗೆ ಹೋದೆವು. ನಾನು ಹಡಗು ಹತ್ತುವ ಹಾಗಿಲ್ಲ, ನೋಡಲು ಹೋದದ್ದು. ಜೆಟ್ಟಿಯ ಬಳಿಯ ಕೌಂಟರಿನಲ್ಲಿ ಕಾರ್ಡು ನೋಡುವ ಒಬ್ಬಳು ಹುಡುಗಿ, ಅವಳ ಹಿಂದೆ ಕುರ್ಚಿಯಲ್ಲಿ ಒಬ್ಬ ತಪಾಸಣೆಯವನು. ಊರವರು ಪ್ರವಾಸಿಗಳ ವೇಷದಲ್ಲಿ ನುಸುಳಬಾರದೆಂದು ನೇಮಿಸಿದ ಮನುಷ್ಯ. ಅವನು ಬಸ್ತ್ಯಾಂವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ಅಪ್ಪಟ ಕೊಂಕಣಿಯಲ್ಲಿ, ಚಿಕ್ಕಪ್ಪನಿಗೆ ಗುಟ್ಟು ಹೇಳುವವನಂತೆ, "ತಿಯು, ನಿಮ್ಮ ಪ್ಯಾಂಟಿನ ಗುಂಡಿ ಬಿಚ್ಚಿದೆ" ಎಂದ.

ಇದು ಪರೀಕ್ಷೆ. ಗೋವೆಯವನಾದರೆ ಕಣ್ಣು ಕೆಳಗೆ ಹೋಗಲೇಬೇಕು. ನನ್ನ ಕಣ್ಣಂತೂ ನಾಲ್ಕು ಹೆಜ್ಜೆ ಹಿಂದೆ ನಿಂತಲ್ಲೇ ನನ್ನ ಪ್ಯಾಂಟಿನ ಮೇಲೆ ಹೋಯಿತು. ಬಸ್ತ್ಯಾಂವ್ ಮಾತ್ರ ಚಾವಣಿ ನೋಡುತ್ತ ನಿಂತ. ಕತ್ತಿನ ನರ ಉಬ್ಬಿತ್ತು.

"ಕ್ಯಾ ಬೋಲಾ, ಸಾಬ್?" ಎಂದ.

"ಹೋಗಿ ಹೋಗಿ," ಎಂದು ತಪಾಸಣೆಯವನು ಕೈ ಬೀಸಿದ.

ಗುಂಡಿ ನಿಜವಾಗಿಯೂ ಬಿಚ್ಚಿತ್ತು. ತನ್ನ ಮಾತಿನ ಮೇಲೆ ನಿಂತ ಬಸ್ತ್ಯಾಂವ್ ಅದನ್ನು ಹಾಕಿಕೊಳ್ಳದೆಯೇ ಹಡಗು ಹತ್ತಿದ, ಹಾಕಿಕೊಳ್ಳದೆಯೇ ಮೂರು ಗಂಟೆ ಅದರಲ್ಲಿ ತಿರುಗಿದ.

ಅವನು ಒಳಗೆ ಒಂದು ರೂಪಾಯಿಯ ಜೂಜೂ ಆಡಲಿಲ್ಲ. ಟಿಕೇಟಿನ ಜೊತೆ ಬಂದ ಊಟ ಉಂಡ, ಬಟಾಟೆ ಸರಿಯಾಗಿ ಸುಲಿದಿಲ್ಲ ಎಂದು ಅಡುಗೆಯವನಿಗೆ ಬುದ್ಧಿ ಹೇಳಿದ, ಹೊರಡಲು ಎದ್ದ. ಅಷ್ಟರಲ್ಲಿ ಬಂದವರ ಹೆಸರಿನ ಚೀಟಿಗಳನ್ನು ಡಬ್ಬಿಯಲ್ಲಿ ಕುಲುಕಿ ಒಂದನ್ನು ಎತ್ತಿದರು. ಮಳೆಗಾಲದ ವಿಶೇಷ ಬಹುಮಾನ. ಹೆಸರು ಬಸ್ತ್ಯಾಂವನದು. ಕೊರಳಿಗೆ ಹಾರ ಬಿತ್ತು, ಪಕ್ಕದಲ್ಲಿ ಗರಿ ಸಿಕ್ಕಿಸಿಕೊಂಡ ಹುಡುಗಿಯರು ನಿಂತರು, ಫೋಟೊ ತೆಗೆದರು.

ಬಹುಮಾನ ಏನೆಂದು ಕೇಳಿದರೆ ನೀವು ನಗುತ್ತೀರಿ. ಇಬ್ಬರಿಗೆ ಗೋವಾ ಪ್ರವಾಸ. ಮೂರು ರಾತ್ರಿ, ನಾಲ್ಕು ಹಗಲು.

ಮರುದಿನ ಪತ್ರಿಕೆಯ ಒಳಪುಟದಲ್ಲಿ ಫೋಟೊ ಬಂತು, ದೇವರ ದಯೆಯಿಂದ ಸೊಂಟದ ಮೇಲಿನದು ಮಾತ್ರ. ಕೆಳಗೆ "ಮುಂಬಯಿ ಪ್ರವಾಸಿಗೆ ಗೋವಾ ದರ್ಶನದ ಅದೃಷ್ಟ" ಎಂದಿತ್ತು. ಮಿಂಗೆಲ್ ಅದನ್ನು ಅಂಗಡಿಯ ಗೋಡೆಗೆ ಅಂಟಿಸಿದ. ಊರಿಗೆ ಊರೇ ಬಂದು ನೋಡಿ ನಕ್ಕಿತು. ಪೆರಾಂಸ್ ಮಾತ್ರ ನಗಲಿಲ್ಲ.

"ಗೋವೆಯಲ್ಲಿ ಹುಟ್ಟಿ ಅರವತ್ತಾರು ವರ್ಷ ಆಯ್ತು, ಈಗ ಗೋವೆ ನೋಡೋಕೆ ಹೋಗ್ತೀಯಾ? ಮಾನ ಇದೆಯಾ? ಫಾದ್ರಿಗೆ ನಾನು ಯಾವ ಮುಖ ತೋರಿಸಲಿ? ಆ ಗರಿಯವಳು ಯಾರು?"

"ಗರಿಯವಳು ಸುಮ್ನೆ ನಿಂತಿದ್ದು ಪೆರಾಂಸ್. ಹೋಟೆಲು ಕೇಳು. ಸಮುದ್ರದ ದಂಡೆ ಮೇಲಿನ ಆ ದೊಡ್ಡ ಹೋಟೆಲು."

ಪೆರಾಂಸ್ ಸೊಂಟದ ಮೇಲಿಟ್ಟ ಕೈ ಇಳಿಸಿದಳು. ಆ ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳು ಹತ್ತೊಂಬತ್ತು ವರ್ಷ ಇಸ್ತ್ರಿ ಹಾಕಿದವಳು. ಲಕ್ಷಗಟ್ಟಲೆ ಹಾಸಿಗೆ ಬಟ್ಟೆ ಅವಳ ಕೈಯಡಿ ಹೋಗಿವೆ. ಆ ಕಟ್ಟಡದ ಮುಂಬಾಗಿಲು ಯಾವ ಬಣ್ಣದ್ದೆಂದು ಅವಳಿಗೆ ಗೊತ್ತಿರಲಿಲ್ಲ. ಕೆಲಸದವರು ಹಿಂದಿನಿಂದ ಹೋಗುತ್ತಿದ್ದರು.

"ಆ ಹೋಟೆಲಾ?" ಎಂದಳು. "ಹಾಸಿಗೆ ಮೇಲೆ ಮಲಗೋದಕ್ಕೆ ಬಿಡ್ತಾರಾ?"

ಈ ಮಾತು ಕೇಳಿದ ಮೇಲೆ ಬಸ್ತ್ಯಾಂವನನ್ನು ಯಾರೂ ತಡೆಯುವಂತಿರಲಿಲ್ಲ. ನಾನೂ ತಡೆಯಲಿಲ್ಲ.

ಒಂದು ತೊಡಕಿತ್ತು. ಇಷ್ಟು ದೊಡ್ಡ ಬಹುಮಾನ ಬಿಟ್ಟುಕೊಡಬೇಕಾದರೆ ಪಡೆಯುವ ಇಬ್ಬರೂ ಊರಿನವರಲ್ಲ ಎಂಬ ಪ್ರಮಾಣ ಸರ್ಕಾರದ ಕಡತಕ್ಕೆ ಹೋಗಬೇಕು. ಕ್ಯಾಸಿನೊದವರು ನಮೂನೆ ಕೊಟ್ಟಿದ್ದರು. ಬಸ್ತ್ಯಾಂವ್ ಅದನ್ನು ನನ್ನ ಮರದ ಕೆಳಗೆ ತಂದ. ಬೆರಳು ಅಕ್ಷರ ನೋಡಿತು: ನಾವು ಗೋವಾ ರಾಜ್ಯದ ನಿವಾಸಿಗಳಲ್ಲ. ಇಲ್ಲಿ ನಮಗೆ ವಾಸದ ಮನೆಯಾಗಲಿ, ಅದರಲ್ಲಿ ಹಕ್ಕಾಗಲಿ ಇರುವುದಿಲ್ಲ. ನಾವು ಪ್ರವಾಸಿಗಳಾಗಿ ಬಂದಿರುತ್ತೇವೆ. ನಮೂನೆಯಲ್ಲಿ ಒಂದು ಕಡೆ ಅಲ್ಪವಿರಾಮ ತಪ್ಪಾಗಿತ್ತು, ಅದನ್ನು ತಿದ್ದಿದೆ. ಆ ದಿನ ನನಗೆ ಹೆಮ್ಮೆಯಾದದ್ದು ಅದೊಂದಕ್ಕೆ. ಬಸ್ತ್ಯಾಂವ್ ಸಹಿ ಹಾಕಿದ, ಪೆರಾಂಸ್ ಸಹಿ ಹಾಕಿದಳು. ಸಾಕ್ಷಿ ಬೇಕೆಂದಾಗ ನಾನೂ ಹಾಕಿದೆ.

ಹದಿನೈದು ದಿನ ಕಳೆದಿರಬೇಕು. ಯಾರೋ ಸರ್ಕಾರಕ್ಕೆ ಹೆಸರಿಲ್ಲದ ಪತ್ರ ಬರೆದಿದ್ದರು, ಗೆದ್ದವನು ಬಾಂದ್ವಾಡೆಯವನೇ ಎಂದು. ಒಬ್ಬ ತನಿಖಾಧಿಕಾರಿ ಕೊಡೆ ಹಿಡಿದು, ಚೀಲ ನೇತುಹಾಕಿಕೊಂಡು ಊರಿಗೆ ಬಂದ. ಬಂದವನು ಮೊದಲು ಹೊಕ್ಕದ್ದು ಮಿಂಗೆಲನ ಅಂಗಡಿ.

ಇಲ್ಲಿ ನಮ್ಮ ಊರಿನ ಬಗ್ಗೆ ಎರಡು ಮಾತು ಹೇಳಬೇಕು. ಬಾಂದ್ವಾಡೆಯಲ್ಲಿ ಎದುರು ಸಿಕ್ಕರೆ ಮಾತಾಡದ ಮನೆಗಳು ಅರ್ಧಕ್ಕಿಂತ ಹೆಚ್ಚಿವೆ. ಆದರೆ ಹೊರಗಿನಿಂದ ಚೀಲ ಹಿಡಿದುಕೊಂಡು ಯಾರಾದರೂ ಬಂದರೆ ಎಲ್ಲರೂ ಒಂದೇ ತಾಯಿಯ ಮಕ್ಕಳು. ಮಿಂಗೆಲ್ ಗೋಡೆಯ ಮೇಲಿನ ಫೋಟೊದ ಮುಂದೆ ನಿಂತುಕೊಂಡ, ತನ್ನ ಅಗಲವಾದ ಬೆನ್ನಿನಿಂದ ಅದನ್ನು ಮುಚ್ಚಿದ.

"ಬಸ್ತ್ಯಾಂವ್? ಯಾವ ಬಸ್ತ್ಯಾಂವ್ ಸಾಯ್ಬಾ? ಓ, ಮುಂಬಯಿ ಬಸ್ತ್ಯಾಂವಾ? ಇಗರ್ಜಿ ಫೆಸ್ತಿಗೆ ಒಂದೆರಡು ದಿನ ಬಂದು ಹೋಗ್ತಾನೆ ನೋಡಿ, ಅವನೇ."

"ಅವರಿಗೆ ಇಲ್ಲಿ ಮನೆ ಇಲ್ಲವಾ?"

"ಮನೆಯಾ? ಪಾಪ, ಅವನಿಗೆಲ್ಲಿ ಮನೆ!"

ಅಧಿಕಾರಿ ಮನೆ ಮನೆಗೂ ಹೋದ. ಮೀನಿನವಳು ಆ ಹೆಸರೇ ಕೇಳಿಲ್ಲ ಎಂದಳು. ಬಸ್ತ್ಯಾಂವನ ಜೊತೆ ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದ ಪಕ್ಕದ ಮನೆಯವನಂತೂ ಎದೆ ಮುಟ್ಟಿಕೊಂಡು, ತಾನು ಹುಟ್ಟಿದಾಗಿನಿಂದ ಪಕ್ಕದಲ್ಲಿ ಯಾರೂ ವಾಸವಿಲ್ಲ ಎಂದ. ಎಲ್ಲರ ಹೇಳಿಕೆಯನ್ನೂ ಅಧಿಕಾರಿ ಬರೆದುಕೊಂಡು ಸಹಿ ಮಾಡಿಸಿಕೊಂಡ. ಕೊನೆಗೆ ಬಸ್ತ್ಯಾಂವನ ಮನೆಯ ಮುಂದೆಯೇ ಬಂದು ನಿಂತ. ಜಗಲಿಯ ಮೇಲೆ ಚಡ್ಡಿ ತೊಟ್ಟು ತೆಂಗಿನಕಾಯಿ ತುರಿಯುತ್ತ ಸಾಕ್ಷಾತ್ ಬಸ್ತ್ಯಾಂವನೇ ಕೂತಿದ್ದ.

ಜೊತೆಗೆ ಬಂದಿದ್ದ ನಾನು ಬೇಲಿಯ ಹಿಂದೆ ಸರಿದೆ. ಹಿಂದೆಯೇ ಓಡಿಬಂದಿದ್ದ ಮಿಂಗೆಲ್ ಮಾತ್ರ ಹೆದರಲಿಲ್ಲ.

"ಇದು ಭಾಟ್ಕಾರ್ ಬಾಬನ ಮನೆ ಸಾಯ್ಬಾ. ಮಳೆಗಾಲದಲ್ಲಿ ಮುಂಬಯಿಯವರು ಬಂದು ನಾಲ್ಕು ದಿನ ಇದ್ದು ಹೋಗ್ತಾರೆ. ಅಲ್ವಾ ರೇ, ಮುಂಬಯಿ?"

"ಹಾಂ ಜೀ," ಎಂದ ಬಸ್ತ್ಯಾಂವ್, ತುರಿಯುವುದನ್ನು ನಿಲ್ಲಿಸದೆ.

"ತೆಂಗಿನಕಾಯಿ ಚೆನ್ನಾಗಿ ತುರೀತೀರಿ," ಎಂದ ಅಧಿಕಾರಿ.

"ಟೂರಿಸ್ಟರಿಗೆ ನಾವು ಎಲ್ಲಾ ಕಲಿಸ್ತೀವಿ ಸಾಯ್ಬಾ!"

ಅದನ್ನೂ ಬರೆದುಕೊಂಡ. ಸಾಕ್ಷಿಯಾಗಿ ನಾನೂ ಮಿಂಗೆಲನೂ ಸಹಿ ಹಾಕಿದೆವು. ಅಧಿಕಾರಿ ರಸ್ತೆಯ ತಿರುವು ದಾಟಿದ ಮೇಲೆ ಇಡೀ ಊರು ಚಪ್ಪಾಳೆ ತಟ್ಟಿತು. ಪಕ್ಕದ ಮನೆಯವನು ನಾಲ್ಕು ವರ್ಷದ ಸಿಟ್ಟು ಬಿಟ್ಟು ಬಸ್ತ್ಯಾಂವನನ್ನು ತಬ್ಬಿಕೊಂಡ. ಒಬ್ಬ ಬಡವನನ್ನು ದಂಡದಿಂದ ಉಳಿಸಿದ ತೃಪ್ತಿಯಲ್ಲಿ ಆ ಸಂಜೆ ನಾವೆಲ್ಲ ಒಂದು ಸುತ್ತು ಹೆಚ್ಚೇ ಕುಡಿದೆವು.

ಜುಲೈಯಲ್ಲಿ ಗಂಡಹೆಂಡತಿ ಪ್ರವಾಸ ಹೊರಟರು. ಮದುವೆಯ ಸೂಟು, ನಡುವಿಗೆ ಬಿಗಿಯಾದ ಗೌನು, ಕೈಯಲ್ಲಿ ಪೆಟ್ಟಿಗೆ. ಮನೆಯಿಂದ ಹೋಟೆಲಿಗೆ ಹದಿನಾಲ್ಕು ಕಿಲೋಮೀಟರು. ಪ್ರವಾಸಿಗಳು ವಿಮಾನ ನಿಲ್ದಾಣದಿಂದಲೇ ಬರಬೇಕೆಂದು ಕಾಗದದಲ್ಲಿ ಬರೆದಿತ್ತು. ಆದ್ದರಿಂದ ಬಸ್ಸು ಹಿಡಿದು ಮೊದಲು ವಿಮಾನ ನಿಲ್ದಾಣಕ್ಕೆ ಹೋಗಿ, ಅಲ್ಲಿ ಹೊರಗೆ ನಿಂತು, ಕರೆದೊಯ್ಯಲು ಬಂದವನಿಗೆ ಕೈ ಬೀಸಿದರಂತೆ.

ಮೊದಲ ರಾತ್ರಿ ಪೆರಾಂಸ್ ಮಲಗಲಿಲ್ಲವಂತೆ. ಹಾಸಿಗೆಯ ಬಟ್ಟೆಯನ್ನು ಬೆಳಕಿಗೆ ಹಿಡಿದು ಇಸ್ತ್ರಿ ನೋಡಿದಳು, ಅಂಚಿನ ಮಡಿಕೆ ಸರಿಯಿಲ್ಲ ಎಂದಳು, ತಾನೇ ಕೈಯಿಂದ ನೀವಿದಳು. ನೀವಿದ್ದು ಕೆಡುತ್ತದೆಂದು ಪಕ್ಕದ ಕುರ್ಚಿಯಲ್ಲಿ ಕೂತಳು. ಎರಡನೆಯ ರಾತ್ರಿ ಮಾತ್ರ ಮಲಗಿ ಅತ್ತಳಂತೆ. ಇದನ್ನು ಬಸ್ತ್ಯಾಂವ್ ನನಗೆ ಆಮೇಲೆ ಹೇಳಿದ, ಹೇಳುವಾಗ ಅವನೂ ಅತ್ತ.

ಮೂರನೆಯ ಹಗಲು ಹಳ್ಳಿ ದರ್ಶನ. ಇಪ್ಪತ್ತು ಪ್ರವಾಸಿಗಳ ಬಸ್ಸು ಹೊಲ, ಇಗರ್ಜಿ, ಕೆರೆ ಎಂದು ಸುತ್ತಿ ಬಾಂದ್ವಾಡೆಯಲ್ಲೇ ನಿಲ್ಲಬೇಕೆ! ಮಾರ್ಗದರ್ಶಿ ಸಿಂಪಿ ಚಿಪ್ಪಿನ ಕಿಟಕಿಯ ಮನೆಯತ್ತ ಕೈ ತೋರಿಸಿ, "ಇದು ಗೋವೆಯ ಬಡವರ ಹಳೇ ಕಾಲದ ಮನೆ. ಈಗ ಯಾರೂ ಇಲ್ಲ, ಪಾಳು ಬಿದ್ದಿದೆ" ಎಂದ. ನಾವೆಲ್ಲ ಅಂಗಡಿಯಲ್ಲಿ ಉಸಿರು ಹಿಡಿದು ಕೂತಿದ್ದೆವು. ಬಸ್ತ್ಯಾಂವ್ ಕಪ್ಪು ಕನ್ನಡಕ ಹಾಕಿಕೊಂಡು, ಎಂದೂ ನೋಡದವನಂತೆ ತನ್ನ ಮನೆಯನ್ನು ನೋಡಿದ. ಅವನ ನಾಯಿ ಓಡಿಬಂದು ಕಾಲು ನೆಕ್ಕಿತು.

"ಪ್ರವಾಸಿಗಳಂದ್ರೆ ಇಲ್ಲಿನ ನಾಯಿಗೂ ಪ್ರೀತಿ," ಎಂದ ಮಾರ್ಗದರ್ಶಿ.

ಅಷ್ಟರಲ್ಲಿ ಮಳೆ ಹನಿಯಿತು. ಹಿತ್ತಿಲ ತಂತಿಯ ಮೇಲೆ ಪೆರಾಂಸ್ ಒಣಹಾಕಿ ಮರೆತುಬಂದ ಎರಡು ಚಾದರ ತೂಗುತ್ತಿದ್ದವು. ಅವಳು ಗೌನು ಎತ್ತಿ ಹಿಡಿದು ಓಡಿದಳು. ಚಾದರ ಎಳೆದು, ಕಂಕುಳಲ್ಲಿ ಇರುಕಿಕೊಂಡು, ಹೆಂಚಿನ ಸಂದಿಯಿಂದ ಬೀಗದ ಕೈ ತೆಗೆದು, ಬಾಗಿಲು ತೆರೆದು ಒಳಗೆಸೆದು ಬಂದಳು. ಇಪ್ಪತ್ತು ಮೊಬೈಲುಗಳು ಫೋಟೊ ತೆಗೆದವು.

"ಆಂಟಿ, ಏನ್ ಮಾಡ್ತಿದ್ದೀರಿ? ಊರವರ ಸಾಮಾನು ಮುಟ್ಟಬಾರದು!" ಎಂದು ಮಾರ್ಗದರ್ಶಿ ಗದರಿಸಿದ.

"ಕ್ಷಮಿಸಪ್ಪ," ಎಂದಳು ಪೆರಾಂಸ್. ಬಸ್ಸು ಹತ್ತುವಾಗ ಒಮ್ಮೆ ತಿರುಗಿ ನೋಡಿದಳು. ನಾವು ಅಂಗಡಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಆ ನಗುವನ್ನು ನೆನೆದರೆ ಈಗ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ.

ದೀಪಾವಳಿ ಕಳೆಯಿತು. ವಿಚಾರಣೆಯ ದಿನ ಬಾಂದ್ವಾಡೆಯಿಂದ ಹನ್ನೆರಡು ಜನ ಸಾಕ್ಷಿಗಳು ಒಗೆದ ಬಟ್ಟೆ ತೊಟ್ಟು ಬಂದಿದ್ದರು. ಮನೆ ತೆರಿಗೆಯ ರಸೀದಿ ಮೊದಲಿನಿಂದ ಭಾಟಕಾರನ ಹೆಸರಿನಲ್ಲಿತ್ತು, ವಿದ್ಯುತ್ ಬಿಲ್ಲು ಸತ್ತುಹೋದ ಅಪ್ಪನ ಹೆಸರಿನಲ್ಲಿ. ಬಸ್ತ್ಯಾಂವನಿಗೆ ಇದ್ದ ಆಧಾರವೆಂದರೆ ಊರಿನ ಬಾಯಿ, ಅವನ ಪ್ರಮಾಣ. ಇಷ್ಟು ಸಾಕೆಂದು ಎಲ್ಲರೂ ಹೇಳಿದ್ದರು.

ಒಕ್ತಾವಿಯೊ ಬಾಬ್ ಬಿಳಿ ಲಿನನ್ ತೊಟ್ಟು ಬಂದಿದ್ದ. ಕೆಟ್ಟ ಮನುಷ್ಯನಲ್ಲ, ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸಿದ. ಅವನ ವಕೀಲ ಎದ್ದು ಒಂದೊಂದೇ ಕಾಗದ ಮೇಜಿನ ಮೇಲಿಟ್ಟ. ಪತ್ರಿಕೆಯ ಫೋಟೊ. ಕ್ಯಾಸಿನೊದ ಪ್ರವೇಶ ಪುಸ್ತಕದ ನಕಲು. ಮಾಹಿತಿ ಹಕ್ಕಿನಲ್ಲಿ ಸರ್ಕಾರದ ಕಡತದಿಂದ ಪಡೆದ ಪ್ರಮಾಣಪತ್ರ. ತನಿಖಾಧಿಕಾರಿ ಬರೆದುಕೊಂಡ ಹೇಳಿಕೆಗಳು. ಹಳ್ಳಿ ದರ್ಶನದ ಫೋಟೊ, ಅದರಲ್ಲಿ ಕಪ್ಪು ಕನ್ನಡಕದ ಬಸ್ತ್ಯಾಂವ್ ತನ್ನ ಮನೆಯನ್ನು ಕುತೂಹಲದಿಂದ ನೋಡುತ್ತಿದ್ದ.

ಮಾಮಲೇದಾರರು ಪ್ರಮಾಣಪತ್ರವನ್ನು ಗಟ್ಟಿಯಾಗಿ ಓದಿಸಿದರು. ಇಲ್ಲಿ ನಮಗೆ ವಾಸದ ಮನೆಯಾಗಲಿ, ಅದರಲ್ಲಿ ಹಕ್ಕಾಗಲಿ ಇರುವುದಿಲ್ಲ. ಆಗ ಮೊದಲ ಸಲ ನನ್ನ ತಲೆ ಅರ್ಥ ನೋಡಿತು. ಕಿಟಕಿಯಿಂದ ನನ್ನ ಮರ ಕಾಣುತ್ತಿತ್ತು, ಮರದ ಕೆಳಗೆ ನನ್ನ ಯಂತ್ರ.

"ಇದು ನಿಮ್ಮ ಸಹಿಯಾ?"

"ಹೌದು ಸಾಯ್ಬಾ. ಆದ್ರೆ ಅದು ಕ್ಯಾಸಿನೊಗೆ ಹೇಳಿದ್ದು. ನಿಮಗೆ ಹೇಳಿದ್ದಲ್ಲ."

"ಸರ್ಕಾರಕ್ಕೆ ಹೇಳಿದ್ದು."

"ಆ ಸರ್ಕಾರ ಬೇರೆ ಅಲ್ವಾ ಸಾಯ್ಬಾ? ಅದು ಜೂಜಿನ ಸರ್ಕಾರ. ಇದು ಮನೆ ಸರ್ಕಾರ."

ಯಾರೂ ನಗಲಿಲ್ಲ. ವಕೀಲ ಮಿಂಗೆಲನನ್ನು ಕರೆದು, "ಇದು ಭಾಟ್ಕಾರ್ ಬಾಬನ ಮನೆ, ಮುಂಬಯಿಯವರು ಬಂದು ಹೋಗ್ತಾರೆ ಅಂದಿದ್ದು ನೀವೇ ತಾನೇ?" ಎಂದ.

"ಅದು ಅವನನ್ನ ಉಳಿಸೋಕೆ ಹೇಳಿದ ಸುಳ್ಳು ಸಾಯ್ಬಾ!"

"ಹಾಗಿದ್ರೆ ಇವತ್ತು ಹೇಳೋಕೆ ಬಂದಿರೋದು?"

ಮೀನಿನವಳು ಕೂತಲ್ಲೇ ಎದೆ ಬಡಿದುಕೊಂಡಳು. ಪಕ್ಕದ ಮನೆಯವನು ತಲೆ ಎತ್ತಲಿಲ್ಲ. ಹನ್ನೆರಡು ಸಾಕ್ಷಿಗಳಲ್ಲಿ ಒಂಬತ್ತು ಜನರ ಸಹಿ ಆ ಹಳೆಯ ಹೇಳಿಕೆಗಳ ಕೆಳಗಿತ್ತು. ನಾವು ಅವನನ್ನು ಪ್ರೀತಿಯಿಂದ, ಒಬ್ಬೊಬ್ಬರಾಗಿ, ಊರಿನಿಂದ ಅಳಿಸಿಬಿಟ್ಟಿದ್ದೆವು.

"ನನಗೆ ಬಸ್ತ್ಯಾಂವ್ ಮೇಲೆ ಏನೂ ಸಿಟ್ಟಿಲ್ಲ," ಎಂದ ಒಕ್ತಾವಿಯೊ ಬಾಬ್. "ಅವರೇ ಹೇಳಿದ್ದನ್ನ ನಾನು ನಂಬಿದ್ದೀನಿ, ಅಷ್ಟೇ."

ಮಾಮಲೇದಾರರು ಕನ್ನಡಕ ತೆಗೆದು ಒರೆಸಿದರು. "ನೀವು ನಿಜ ಹೇಳ್ತಿದ್ದೀರಿ ಅಂತ ನನಗೂ ಅನ್ನಿಸ್ತದೆ ಮಾರಾಯರೇ," ಎಂದರು. "ಆದ್ರೆ ನಾನು ಕಾಗದ ನೋಡಬೇಕು." ಆದೇಶ ಒಂದೂವರೆ ಪುಟದ್ದು. ಅರ್ಜಿದಾರನು ತನ್ನದೇ ಪ್ರಮಾಣದ ಪ್ರಕಾರ ಪ್ರವಾಸಿಯಾಗಿದ್ದು ಮುಂಡಕಾರನಲ್ಲ. ಮೇಲ್ಮನವಿ ಹಾಕಿದೆವು, ಅದನ್ನೂ ನಾನೇ ಟೈಪು ಮಾಡಿದೆ, ಒಂದೊಂದು ಪದವನ್ನೂ ಮೂರು ಸಲ ಓದಿ. ಅದೂ ವಜಾ ಆಯಿತು.

ಮಾರ್ಚಿನಲ್ಲಿ ಮನೆ ಖಾಲಿ ಮಾಡಿದರು. ಅದೇ ಹೊತ್ತಿಗೆ ಬಸ್ತ್ಯಾಂವನಿಗೆ ಗೊತ್ತಾದದ್ದು: ಲೋಕದಲ್ಲಿ ಅವನದೆಂದು ಕಾಗದದಲ್ಲಿರುವ ವಿಳಾಸ ಒಂದೇ, ಮುಂಬಯಿಯ ಕೂಡು. ಅಲ್ಲಿ ಹೆಂಗಸರನ್ನು ಬಿಡುವುದಿಲ್ಲ. ಮಿಂಗೆಲ್ ತನ್ನ ಹಿಂಭಾಗದ ಕೋಣೆ ಕೊಡುತ್ತೇನೆಂದ, ನಾನೂ ಕರೆದೆ. ಪೆರಾಂಸ್ ಒಪ್ಪಲಿಲ್ಲ. "ನಿಮ್ಮ ಪ್ರೀತಿ ಸಾಕು. ಇನ್ನು ತಡೆದುಕೊಳ್ಳೋ ಶಕ್ತಿ ನಮಗಿಲ್ಲ," ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ, ಅದೇ ಹೆಚ್ಚು ನೋಯಿಸಿತು. ಸಿಸ್ಟರುಗಳು ನಡೆಸುವ ಮುದುಕಿಯರ ಆಶ್ರಮವೊಂದರಲ್ಲಿ ಅವಳಿಗೆ ಹಾಸಿಗೆ ಸಿಕ್ಕಿತು. ಅಲ್ಲಿ ಗಂಡಸರನ್ನು ಬಿಡುವುದಿಲ್ಲ. ಮದುವೆಯಾಗಿ ಮೂವತ್ತೆಂಟು ವರ್ಷದ ಮೇಲೆ ಗಂಡ ಮುಂಬಯಿ ರೈಲು ಹತ್ತಿದ.

ಮನೆಯನ್ನು ಒಕ್ತಾವಿಯೊ ಬಾಬ್ ಮಾರಿದ. ಕೊಂಡವರು ಸಿಂಪಿ ಚಿಪ್ಪಿನ ಕಿಟಕಿ ಹಾಗೇ ಉಳಿಸಿಕೊಂಡು, ಹಿತ್ತಿಲಲ್ಲಿ ಈಜುಕೊಳ ತೋಡಿ, ಪ್ರವಾಸಿಗಳಿಗೆ ಬಾಡಿಗೆಗೆ ಬಿಟ್ಟಿದ್ದಾರೆ. ಪೆರಾಂಸ್ ನೆಟ್ಟ ತೆಂಗಿನ ಸಸಿಗಳಲ್ಲಿ ಒಂದು ಬದುಕಿದೆ. ಮಿಂಗೆಲ್ ಗೋಡೆಯ ಫೋಟೊ ಕಿತ್ತುಹಾಕಿದ. ಅಂಟು ಬಿಡದೆ ಹಾರದ ಚೂರೊಂದು ಉಳಿದುಕೊಂಡಿದೆ.

ಕಳೆದ ಭಾನುವಾರ ಬಸ್ತ್ಯಾಂವ್ ಬಂದಿದ್ದ, ವರ್ಷದ ಮೇಲೆ. ನಿಲ್ದಾಣದಲ್ಲಿ ಇಳಿದಾಗ ಅವನ ಗುರುತೇ ಹತ್ತಲಿಲ್ಲ. ಅದೇ ಸೂಟು, ಒಳಗಿನ ಮನುಷ್ಯ ಮಾತ್ರ ಅರ್ಧವಾಗಿದ್ದ. ಇಬ್ಬರೂ ಆಶ್ರಮಕ್ಕೆ ಹೋದೆವು. ಬಾಗಿಲಲ್ಲಿ ಭೇಟಿಗೆ ಬಂದವರ ಪುಸ್ತಕವಿತ್ತು. ಎಳೆಯ ವಯಸ್ಸಿನ ಸಿಸ್ಟರ್ ಒಬ್ಬರು ಪೆನ್ನು ಕೊಟ್ಟು, "ಹೆಸರು, ಊರು, ಸಂಬಂಧ, ಸಹಿ. ಎಲ್ಲಾ ತುಂಬಿಸಿ ಅಂಕಲ್," ಎಂದರು.

ಬಸ್ತ್ಯಾಂವ್ ಹೆಸರು ಬರೆದ. ಊರಿನ ಜಾಗದಲ್ಲಿ ಮುಂಬಯಿ ಎಂದು ಬರೆದ. ಸಂಬಂಧ ಎಂಬಲ್ಲಿ ಬಂದು ನಿಂತುಬಿಟ್ಟ. ಪೆನ್ನನ್ನು ಕಾಗದದಿಂದ ಒಂದು ಗೇಣು ಮೇಲೆ ಹಿಡಿದು ನನ್ನ ಕಡೆ ನೋಡಿದ.

"ಶಾಂಬಾ, ಇಲ್ಲಿ ಏನು ಬರೆದ್ರೆ ಏನಾಗತ್ತೆ?"

ಮೂವತ್ತೊಂದು ವರ್ಷ ಊರಿಗೆಲ್ಲ ಬರೆದುಕೊಟ್ಟ ನಾನು ಪುಸ್ತಕದ ಹಿಂದಿನ ಪುಟ ತಿರುವಿ ಬೇರೆಯವರು ಏನು ಬರೆದಿದ್ದಾರೆಂದು ಹುಡುಕತೊಡಗಿದೆ. ಸಿಸ್ಟರ್ ನಮ್ಮಿಬ್ಬರನ್ನೂ ಅನುಮಾನದಿಂದ ನೋಡತೊಡಗಿದರು.

ಒಳಗಿನ ಬೆಂಚಿನ ಮೇಲೆ ಯಾರದೋ ಚಾದರ ಮಡಿಸುತ್ತ ಕೂತಿದ್ದ ಪೆರಾಂಸ್ ಅಂಚಿಗೆ ಅಂಚು ಕೂಡಿಸಿ, ಅಂಗೈಯಿಂದ ನೀವಿ, ತಲೆ ಎತ್ತಿದಳು.

"ಗಂಡ ಅಂತ ಬರಿ," ಎಂದಳು. "ಸಹಿ ಮಾತ್ರ ಹಾಕಬೇಡ."